ಮಗಳ ಸ್ಟೇಷನ್ನಿನಿಂದ

ಅಕ್ಷರಗಳು ಮಿಣುಕಿ ಒಂದು ಸಾಲು ಮೇಲೆ ಸರಿದವು, ಹಲಗೆಯಲ್ಲಿ ಶಿಆನ್ ಈಗ ಐದನೆಯದು, ಅದರ ಮುಂದೆ ಇನ್ನು ನಾಲ್ಕೇ ಗಾಡಿ, ನಾಲ್ಕು ಗಾಡಿ ಎಂದರೆ ಎಷ್ಟು ಹೊತ್ತು ಮಹಾ, ಇಲ್ಲಿ ಒಂದೊಂದೂ ಕುದಿಯುವ ನೀರಿಗೆ ನೂಡಲ್ಸ್ ಬಿಟ್ಟು ತೆಗೆಯುವಷ್ಟರಲ್ಲಿ ಬಂದು ಹೋಗಿರುತ್ತದೆ — ಫೆಂಗ್‌ಯಿಂಗ್ ಕುರ್ಚಿಯ ತುದಿಯಲ್ಲಿ ಕೂತು ಸೂಟ್‌ಕೇಸನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದುಕೊಂಡಳು, ಹೊಸ ನೇರಳೆ ಕೋಟಿನ ಕಾಲರು ಕುತ್ತಿಗೆಗೆ ಚುಚ್ಚುತ್ತಿದೆ, ನಿನ್ನೆ ಕೂದಲಿಗೆ ಹಾಕಿಸಿದ ಬಣ್ಣ ಕಿವಿಯ ಹಿಂದೆ ಇನ್ನೂ ತುರಿಸುತ್ತಿದೆ, ಅರವತ್ತೊಂದಕ್ಕೆ ಬಣ್ಣ ಯಾಕೆ ಬೇಕಿತ್ತು, ಬೇಕಿತ್ತು, ಸುಮ್ಮನಿರು. ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿಗಿಂತ ದೊಡ್ಡ ಮಾಡು ಲೋಕದಲ್ಲಿ ಇಲ್ಲವೆಂದುಕೊಂಡಿದ್ದಳು, ಆ ಗಿರಣಿಯ ಕ್ಯಾಂಟೀನಿನಲ್ಲೇ ಇಪ್ಪತ್ತೆಂಟು ವರ್ಷ ಹಿಟ್ಟು ನಾದಿ, ಲಟ್ಟಿಸಿ, ಕತ್ತರಿಸಿ — ಈ ಕಾಯುವ ಹಜಾರದೊಳಗೆ ಅಂಥ ನಾಲ್ಕು ಶೆಡ್ಡು ಇಟ್ಟರೂ ಮಕ್ಕಳು ಓಡಾಡಲು ಜಾಗ ಉಳಿಯುತ್ತದೆ, ಓಡಾಡುತ್ತಲೂ ಇದ್ದಾರೆ, ಒಬ್ಬಳು ಪುಟ್ಟಿ ನುಣುಪು ನೆಲದ ಮೇಲೆ ಹೊಟ್ಟೆ ಅಡಿಯಾಗಿ ಜಾರುತ್ತಿದ್ದಾಳೆ, ಏಳೇ ಕೊಳಕಿ ಅನ್ನುತ್ತಾಳೆ ಅವಳ ಅಜ್ಜಿ, ಅಜ್ಜಿಗೂ ನಗು. ಅಲ್ಲಿ ಕುಡಿಯುವ ಬಿಸಿನೀರಿನ ನಲ್ಲಿಯ ಮುಂದೆ ಸಾಲು, ಡಬ್ಬಿ ನೂಡಲ್ಸಿನ ವಾಸನೆ, ಛೀ, ಅದನ್ನು ನೂಡಲ್ಸ್ ಅಂತ ಕರೆದವರ್ಯಾರು. ಕೆಳಗೆ ಎಲ್ಲೋ ಒಂದು ಗಾಡಿ ಬಂದು ನಿಂತಿತು, ನೆಲ ಬೆಕ್ಕಿನ ಹೊಟ್ಟೆಯ ಹಾಗೆ ಗುರುಗುಟ್ಟಿತು, ಆ ಪ್ಲಾಟ್‌ಫಾರಂನಲ್ಲಿ ಯಾನ್‌ಲಿಂಗ್ ನಿಂತಿರುತ್ತಿದ್ದಳು, ಬೇರೆ ದಿನವಾಗಿದ್ದರೆ — ಇಲ್ಲ, ಇವತ್ತು ಮಗಳಿಗೆ ರಜೆ, ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಇತ್ತು, ಮೂರು ಸಲ ನೋಡಿಯೇ ಟಿಕೇಟು ತೆಗೆಸಿದ್ದು. ಊರಲ್ಲಿ ಇರುವ ಸ್ಟೇಷನ್ನುಗಳನ್ನೆಲ್ಲಾ ಬಿಟ್ಟು ಮಗಳು ಕೆಲಸ ಮಾಡುವ ಸ್ಟೇಷನ್ನಿನಿಂದಲೇ ಕದ್ದು ಹೋಗಬೇಕೇ, ಆದರೆ ಶಿಆನ್‌ಗೆ ಎರಡೇ ಗಂಟೆಯಲ್ಲಿ ಮುಟ್ಟಿಸುವ ಗಾಡಿ ಇರುವುದು ಇಲ್ಲಿಂದಲೇ, ಏನು ಮಾಡುವುದು. ಅಮ್ಮ, ನನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೇನೂ ಗಾಡಿ ಹತ್ತಲ್ಲ, ಅಂತ ಹೇಳಿಕೊಂಡು ತಿರುಗುವವಳು ಅವಳು.

ಹೇಳಿಬಿಡಬಹುದಿತ್ತು, ಹೇಳಲು ಬಾಯಿ ತೆರೆದದ್ದೂ ಉಂಟು, ಆದರೆ ಹೋದ ವಸಂತದಲ್ಲಿ ಮೇಲಿನ ಮನೆಯ ವಿಧವೆ ಮದುವೆಯಾದಾಗ ಈ ಯಾನ್‌ಲಿಂಗೇ ಅಲ್ಲವೇ ಮೂಗು ಮುರಿದದ್ದು, ಈ ವಯಸ್ಸಲ್ಲಿ ಬುದ್ಧಿ ಬೇಡ್ವಾ ಅಮ್ಮ, ಅಂದಳು, ಅಂದು ಬಟಾಣಿ ಬಿಡಿಸುತ್ತಲೇ ಇದ್ದಳು, ಆ ಮಾತು ಅವತ್ತಿನಿಂದ ಫೆಂಗ್‌ಯಿಂಗ್‌ಳ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಗಂಡ ಹೋಗಿ ಹನ್ನೊಂದು ವರ್ಷ, ಒಳ್ಳೆಯವನೇ, ಅವನ ನೆನಪಿಗೆ ಏನೂ ಮೋಸವಿಲ್ಲ, ಆದರೆ ನೆನಪು ಸಂಜೆ ಆರಕ್ಕೆ ಫೋನು ಮಾಡುವುದಿಲ್ಲವಲ್ಲ. ಟಾಂಗ್ ಮೇಸ್ತ್ರಿ ಮಾಡುತ್ತಾನೆ. ಶಿಆನ್‌ನಲ್ಲಿ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು, ಡ್ರೈವರನನ್ನೂ ಅಲ್ಲಿ ಮೇಸ್ತ್ರಿ ಅಂತಲೇ ಕರೆಯುವುದು, ಕೈಫೆಂಗ್‌ನ ಸೇವಂತಿಗೆ ಪ್ರದರ್ಶನದಲ್ಲಿ ಇವಳ ಟೀ ಫ್ಲಾಸ್ಕನ್ನು ತನ್ನದೆಂದು ಎತ್ತಿಕೊಂಡು ಅರ್ಧ ಕುಡಿದುಬಿಟ್ಟವನು, ಅಕ್ಕಾ ಇದರಲ್ಲಿ ಖರ್ಜೂರ ಯಾಕೆ ಹಾಕಿದೀರಿ, ಅಂತ ಇವಳನ್ನೇ ದಬಾಯಿಸಿದವನು, ನನ್ನ ಟೀ ನನ್ನ ಖರ್ಜೂರ ನಿಮಗೇನ್ರೀ — ಅವತ್ತು ಎಷ್ಟು ನಕ್ಕಿದ್ದಳೆಂದರೆ ಪಕ್ಕೆ ಹಿಡಿದುಕೊಂಡಿತ್ತು. ಆಮೇಲೆ ಒಂದು ಸಂಜೆಯೂ ತಪ್ಪಿಲ್ಲ, ಇವತ್ತು ನೂಡಲ್ಸ್ ಮಾಡಿದೆ ಅಂಟಾಯ್ತು, ಇವತ್ತು ಮಾಡಿದೆ ಗಂಜಿಯಾಯ್ತು, ನೀವೇ ಬಂದು ಕೈ ತೋರಿಸಿದ್ರೆ ಸರಿ. ಮೂರು ದಿನ ಇದ್ದು ಬರುತ್ತೇನೆ, ಅಡುಗೆಮನೆ ನೋಡುತ್ತೇನೆ, ಮನಸ್ಸಿಗೆ ಬಂದರೆ ಮದುವೆ ಕಾಗದಕ್ಕೆ ಸಹಿ, ಬರದಿದ್ದರೆ ನಿಮ್ಮ ದಾರಿ ನಿಮಗೆ, ಎಂದಿದ್ದಳು ಗತ್ತಿನಲ್ಲಿ, ಗತ್ತು ಬಾಯಲ್ಲಿ ಮಾತ್ರ, ಇಲ್ಲದಿದ್ದರೆ ಮೂರು ದಿನಕ್ಕೆ ಯಾರಾದರೂ ತಮ್ಮ ಕತ್ತಿಯನ್ನು ಕಟ್ಟಿಕೊಂಡು ಹೊರಡುತ್ತಾರೆಯೇ.

ಆ ಕತ್ತಿ! ಈಗಷ್ಟೇ ಲಗೇಜು ಪರೀಕ್ಷೆಯ ಯಂತ್ರ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೀಂ ಎಂದಿತು, ಅಂಗೈ ಅಗಲದ ಅಡುಗೆ ಕತ್ತಿ, ಮಸೆದು ಮಸೆದು ಸವೆದದ್ದು, ಕಾವಲಿನ ಹುಡುಗಿ ಎರಡು ಬೆರಳಲ್ಲಿ ಎತ್ತಿ ಹಿಡಿದು, ದೊಡ್ಡಮ್ಮಾ ಯುದ್ಧಕ್ಕೇನಾದ್ರೂ ಹೊರಟ್ರಾ, ಅಂದಳು, ಇಲ್ಲಮ್ಮ ನೂಡಲ್ಸ್ ಮಾಡೋಕೆ, ಎಂದರೆ ಹಿಂದೆ ನಿಂತಿದ್ದವರೆಲ್ಲ ಗೊಳ್ಳೆಂದರು. ಇದನ್ನ ಗಾಡಿಯಲ್ಲಿ ಬಿಡಲ್ಲ, ಮನೆಯವರು ಬಂದು ತಗೊಂಡು ಹೋಗ್ಲಿ, ಹೆಸರು ಬರೀರಿ, ನಂಬರ್ ಬರೀರಿ. ಬರೆದಳು. ಗಡಿಬಿಡಿಯಲ್ಲಿ ಕೈಗೆ ತಾನಾಗಿ ಬಂದ ನಂಬರು, ಕನ್ನಡಕವಿಲ್ಲದೆಯೂ ಬರೆಯಬಲ್ಲ ಒಂದೇ ಒಂದು ನಂಬರು — ಅಯ್ಯೋ. ಅಯ್ಯಯ್ಯೋ ಮುದುಕಿ, ಯಾನ್‌ಲಿಂಗ್‌ಳ ನಂಬರು ಬರೆದೆಯಲ್ಲೇ! ಎದ್ದಳು, ಕೂತಳು, ಮತ್ತೆ ಎದ್ದಳು, ಫೋನು ಹೋಗಿರಬಹುದು, ಹೋಗಿಲ್ಲದಿರಬಹುದು, ಮನೆಯಿಂದ ಇಲ್ಲಿಗೆ ಬರಲು ಮುಕ್ಕಾಲು ಗಂಟೆಯಾದರೂ ಬೇಕು, ಅಷ್ಟರಲ್ಲಿ ಗಾಡಿ ಹಳದಿ ನದಿಯ ಗುಂಟ ಓಡುತ್ತಿರುತ್ತದೆ, ಹಲಗೆಯಲ್ಲಿ ಶಿಆನ್ ಮೊದಲ ಸಾಲಿಗೆ ಬಂದಿದೆ, ಟಿಕೇಟು ಪರೀಕ್ಷೆ ಶುರು ಎಂದು ಧ್ವನಿವರ್ಧಕ, ಜನ ಗೇಟಿನತ್ತ ನುಗ್ಗುತ್ತಿದ್ದಾರೆ, ನುಗ್ಗು ನೀನೂ, ಗುರುತಿನ ಕಾರ್ಡು ಎಲ್ಲಿ, ಎಡ ಜೇಬು, ಬಲ ಜೇಬು — ಅಮ್ಮಾ.

ಹಿಂದಿನಿಂದ. ತಿರುಗದೆಯೇ ಗೊತ್ತು. ತಿರುಗಿದರೆ ಪೂರ್ತಿ ಸಮವಸ್ತ್ರ, ಕೊರಳಿಗೆ ಕೆಂಪು ವಸ್ತ್ರ, ಓಡಿಬಂದ ಉಸಿರು, ಸಹೋದ್ಯೋಗಿಯ ಮಗುವಿಗೆ ಜ್ವರ ಅಂತ ಅವಳ ಪಾಳಿ ಹಿಡಿದಿದ್ದಳಂತೆ, ಯಾವ ಕ್ಯಾಲೆಂಡರು ಇದನ್ನು ಹೇಳುತ್ತದೆ. ಎಲ್ಲಿಗೆ? ಶಿಆನ್‌ಗೆ. ಯಾರ ಮನೆಗೆ? ಟಾಂಗ್ ಅಂತ, ಬಸ್ ಓಡಿಸ್ತಿದ್ರು. ಎಷ್ಟು ದಿನದಿಂದ ನಡೀತಿದೆ? ಸೇವಂತಿಗೆ ಕಾಲದಿಂದ. ಮಗಳ ಮುಖ ಕೆಂಪಾಯಿತು, ಬೈಯುತ್ತಾಳೆ, ಬೈಯಲಿ, ಬೈದರೂ ಹತ್ತುತ್ತೇನೆ, ಆದರೆ ಕಣ್ಣಲ್ಲಿ ನೀರು ಯಾಕೆ — ಅಮ್ಮ, ನನ್ನ ಮದುವೆಗೆ ಇಡೀ ಗಿರಣಿ ಕಾಲೋನಿಗೆ ಡಂಗುರ ಹೊಡೆದೋಳು ನೀನು, ನಿನ್ನದಕ್ಕೆ ಕಳ್ಳಿ ಥರ ಹೋಗ್ತಿದೀಯಾ, ನಾನೇನು ಪೊಲೀಸಾ? ನೀನೇ ಅಂದೆಯಲ್ಲೇ, ಈ ವಯಸ್ಸಲ್ಲಿ ಬುದ್ಧಿ ಬೇಡ್ವಾ ಅಂತ, ಮೇಲಿನ ಮನೆಯವಳಿಗೆ. ಅಯ್ಯೋ ದೇವರೇ, ಆ ಗಂಡಸು ಬೆಳಿಗ್ಗೆ ಬೆಳಿಗ್ಗೆನೇ ಕುಡೀತಾನಮ್ಮ, ಅಂಥೋನನ್ನ ಕಟ್ಕೊಂಡ್ಲಲ್ಲ ಅಂತ ಅಂದೆ, ಮದುವೆಗಲ್ಲ! ಅಷ್ಟೇ. ಇಷ್ಟು ತಿಂಗಳು ಗಂಟಲಿನಲ್ಲಿದ್ದ ಮುಳ್ಳು ಅಷ್ಟೇ ಸಲೀಸಾಗಿ ಜಾರಿಹೋಯಿತು, ಫೆಂಗ್‌ಯಿಂಗ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಫೋನ್ ಕೊಡು, ಮಗಳು ಕೈ ಚಾಚಿದಳು, ಸ್ಪೀಕರಿನಲ್ಲಿ ಕರೆ ಹೋಯಿತು, ಒಂದೇ ರಿಂಗಿಗೆ ಎತ್ತಿದ, ಹತ್ತಿದ್ರಾ, ಕಿಟಕಿ ಪಕ್ಕ ಸಿಕ್ತಾ, ನಾನು ಏಳು ಗಂಟೆಯಿಂದ ಇಲ್ಲೇ ಸ್ಟೇಷನ್ನಲ್ಲಿ ಕೂತಿದೀನಿ. ನಾನು ಅವರ ಮಗಳು ಮಾತಾಡ್ತಿರೋದು. ಆ ಕಡೆ ಏನೋ ದಡಕ್ಕೆಂದಿತು. ಏನಾಯ್ತು ಮೇಸ್ತ್ರಿ? ಏನಿಲ್ಲ ಮಗಳೇ, ಕೂತಿದ್ದೆ, ಎದ್ದು ನಿಂತೆ. ಯಾನ್‌ಲಿಂಗ್ ತುಟಿ ಕಚ್ಚಿಕೊಂಡಳು. ಸಿಗರೇಟು? ಬಿಟ್ಟು ನಾಲ್ಕು ವರ್ಷ. ಬಿಪಿ? ಮಾತ್ರೆ ತಗೋತೀನಿ. ಅಡುಗೆ? ಬರಲ್ಲ, ಪಾತ್ರೆ ಚೆನ್ನಾಗಿ ತೊಳೀತೀನಿ. ವಿಳಾಸ ಕಳಿಸಿ ಮೇಸ್ತ್ರಿ, ಅಮ್ಮನ ಕತ್ತಿ ಕೊರಿಯರ್ ಮಾಡ್ತೀನಿ, ಜೋಪಾನ, ಅದು ತುಂಬಾ ಹರಿತ. ತುಂಬಾ ಒಳ್ಳೇದು ಮಗಳೇ, ಎಂದ ಆ ಕಡೆಯಿಂದ, ಏನು ಒಳ್ಳೆಯದೋ ಅವನಿಗೇ ತಿಳಿಯದು, ಗೇಟಿನ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು.

ಬಾ ಬಾ, ಗೇಟು ಮುಚ್ತಾರೆ, ಸೂಟ್‌ಕೇಸು ಈಗ ಮಗಳ ಕೈಯಲ್ಲಿ, ಕಾರ್ಡು ಸಿಕ್ಕಿತು, ಗೇಟು ತೆರೆಯಿತು, ಜಾರುಮೆಟ್ಟಿಲು ಕೆಳಗೆ ಕೆಳಗೆ, ಬಿಳಿ ಗಾಡಿ ಉದ್ದಕ್ಕೆ, ಏಳನೇ ಬೋಗಿ, ಕೋಟು ಚೆನ್ನಾಗಿದೆ ಅಮ್ಮ, ಆದ್ರೆ ಬೆಲೆಚೀಟಿ ತೆಗೆಯೋದಲ್ವಾ, ಎಂದು ಕಾಲರಿನೊಳಗೆ ಕೈ ಹಾಕಿ ಹಿಂದಿನಿಂದ ಪಟ್ಟನೆ ಕಿತ್ತಳು, ಓ, ಅದೇ ಚುಚ್ಚುತ್ತಿದ್ದದ್ದು, ಭಾನುವಾರ ನಾವೆಲ್ಲ ಬರ್ತೀವಿ, ಸಹಿ ಅಲ್ಲೀವರೆಗೂ ಹಾಕಬೇಡ, ತಿಳೀತಾ, ನಾನಿಲ್ದೆ ಹಾಕಿದ್ರೆ ನೋಡು — ತಿಳಿಯಿತು, ತಿಳಿಯಿತು, ಕೂತಳು, ಕಿಟಕಿಯ ಪಕ್ಕವೇ, ಸೀಟಿ ಕೇಳಿತು, ಬಾಗಿಲು ಮುಚ್ಚಿತು. ಹೊರಗೆ ಯಾನ್‌ಲಿಂಗ್ ಹಳದಿ ಗೆರೆಯ ಹಿಂದೆ ಹೋಗಿ ನೆಟ್ಟಗೆ ನಿಂತಳು, ಗಾಡಿ ಹೊರಟ ಮೇಲೆ ಅಲುಗಾಡುವಂತಿಲ್ಲ, ಕೈ ಬೀಸುವಂತಿಲ್ಲ, ಹತ್ತು ವರ್ಷದಿಂದ ಅವಳು ಹೇಳುತ್ತಾ ಬಂದ ನಿಯಮ, ಬೀಸಬೇಡ ಮಗಳೇ, ಯಾರಾದರೂ ನೋಡಿಯಾರು, ಗಾಡಿ ಸದ್ದಿಲ್ಲದೆ ಹಾಲಿನಂತೆ ಸರಿಯಿತು, ತೊಡೆಗೆ ಅಂಟಿದ್ದ ಬಿಳಿ ಗವಸಿನ ಕೈಯಲ್ಲಿ ಎರಡು ಬೆರಳು ಎದ್ದವು, ಆಮೇಲೆ ಇಡೀ ಕೈ ಎದ್ದಿತು, ತಲೆಯ ಮೇಲಕ್ಕೆ, ಎಲ್ಲರೂ ನೋಡುವಂತೆ — ಕಂಬಗಳು, ಕಟ್ಟಡಗಳು, ಎಳೆಗೋಧಿಯ ಹೊಲ, ಶಿಆನ್‌ನ ಅಡುಗೆಮನೆ ಹೇಗಿರಬಹುದು, ಲಟ್ಟಣಿಗೆಯಾದರೂ ಇದೆಯೋ ಇಲ್ಲವೋ, ಎಂದು ಯೋಚಿಸಲು ಹೋದಳು, ಬಿಳಿ ಗವಸು, ಟಾಂಗ್ ಮೇಸ್ತ್ರಿ ಇನ್ನೂ ನಿಂತೇ ಇದ್ದಾನೋ ಏನೋ, ಬಿಳಿ ಗವಸು, ತಲೆಯ ಮೇಲೆ, ಅಗಲವಾಗಿ ಬಿಡಿಸಿದ ಐದು ಬೆರಳು.