ಖಾತೆಗೆ ಬಾರದ ಬೋನಸ್ಸು

ತಂಬಾಕಿನ ಧೂಳು ಗಂಟಲಿಗೆ ಇಳಿದರೆ ನೀರು ಕುಡಿದರೂ ಹೋಗುವುದಿಲ್ಲ. ನಿಪ್ಪಾಣಿಯ ಮುರಗೆಪ್ಪ ಸಾವಕಾರರ ತಂಬಾಕು ತುಂಬುವ ವಖಾರಿಯಲ್ಲಿ ಜರಡಿ ಹಿಡಿಯುವ ನಾವು ಹೆಂಗಸರು ಸೆರಗನ್ನು ಮೂಗಿಗೆ ಬಿಗಿದುಕೊಂಡು, ಕೆಮ್ಮುತ್ತ, ನಗುತ್ತ, ಬಯ್ಯುತ್ತ ದಿನ ತಳ್ಳುತ್ತಿದ್ದೆವು. ಸರಕಾರದವರು ತಪಾಸಣೆಗೆ ಬಂದರೆ ನಮ್ಮನ್ನು ಹಿತ್ತಲ ಬಾಗಿಲಿಂದ ಹೊರಗೆ ಅಟ್ಟುತ್ತಿದ್ದರು.

"ನಮ್ಮಲ್ಲಿ ಹೆಣ್ಣಾಳು ಯಾರೂ ಇಲ್ರಿ ಸಾಹೇಬ್ರ. ಎಲ್ಲಾ ಮಶೀನಿಂದನs," ಎಂದು ಸಾವಕಾರರು ಹೇಳುವುದನ್ನು ಗೋಡೆಯಾಚೆ ನಿಂತು ನಾನೇ ಕೇಳಿದ್ದೇನೆ. ನಮ್ಮಲ್ಲಿ ಕೆಲವರಿಗೆ ಆ ವಖಾರಿಯಲ್ಲೇ ತಲೆ ನೆರೆದಿತ್ತು. ಮಶೀನಂತೆ, ಅವರ ತಲೆ!

೨೦೧೮ರ ದೀಪಾವಳಿಗೆ ಬೋನಸ್ಸು ಕೇಳಿ ಜರಡಿ ಕೆಳಗಿಟ್ಟೆವು. ಆಗ ಸಾವಕಾರರ ಮಗ ಮಲ್ಲೇಶ ಫೋನು ಹಿಡಿದು ಬಂದ.

"ರೊಕ್ಕಕ್ಕಿಂತ ಛಲೋದು ಕೊಡ್ತೀನಿ. ಕಾಯಿನ್. ಕ್ರಿಪ್ಟೊ ಅಂತಾರ. ಫೋನಿನಾಗ ಇರ್ತೈತಿ, ದಿನಾ ಬೆಲೆ ಏರ್ತೈತಿ."

"ಕಿರಾಣಿ ಅಂಗಡ್ಯಾಗ ಇದನ್ನ ತಗೋತಾರೇನೋ?" ಲಗಮವ್ವ ಕೇಳಿದಳು. ಅವಳು ನಮ್ಮೆಲ್ಲರಿಗಿಂತ ಹಿರಿಯಳು, ಬಾಯಿಗೆ ಬೀಗವಿಲ್ಲ.

"ಬೇಕಾದಾಗ ಮಾರಿ ಬ್ಯಾಂಕಿಗೆ ಹಾಕ್ಕೋರಿ, ಆಯಿ."

ಒಪ್ಪಿಕೊಂಡೆವು. ಅಂಥ ದೊಡ್ಡ ಫೋನು ಇದ್ದದ್ದು ನಮ್ಮ ಜೊತೆ ಜರಡಿ ಹಿಡಿಯುವ ಅಕ್ಕುತಾಯಿಯ ಹತ್ತಿರ ಮಾತ್ರ. ತಿಂಗಳು ತಿಂಗಳು ಎಲ್ಲರೂ ಕೂಡಿಸಿ ಒಬ್ಬಳಿಗೆ ಎತ್ತಿಕೊಡುವ ನಮ್ಮ ಭಿಶಿಯ ದುಡ್ಡೂ ಅವಳ ಕೈಯಲ್ಲೇ ಇರುತ್ತಿತ್ತು, ಯಾವತ್ತೂ ಆಚೀಚೆ ಆದದ್ದಿಲ್ಲ. ಅದೇ ನಂಬಿಕೆಯಿಂದ ಎಲ್ಲರ ಕಾಯಿನ್ನೂ ಅವಳ ಫೋನಿಗೇ ಹಾಕಿಸಿದೆವು. ಇದೂ ಒಂದು ಭಿಶಿ ಎಂದುಕೊಂಡೆವು. ನಾವು ಎಡವಿದ್ದು ಅಲ್ಲೇ.

ಈ ಕಾಯಿನ್ನಿನ ವ್ಯವಹಾರಕ್ಕೆ ಕೈಹಾಕಬೇಡಿ ಎಂದು ರಿಸರ್ವ್ ಬ್ಯಾಂಕು ಆ ವರ್ಷವೇ ಬ್ಯಾಂಕುಗಳಿಗೆ ಹೇಳಿತ್ತು. ನಮಗದು ಎಲ್ಲಿ ಗೊತ್ತು? ಮಲ್ಲೇಶನಿಗೆ ಗೊತ್ತಿತ್ತು. ಅದಕ್ಕೇ ಕೊಳ್ಳುವ ಗಿರಾಕಿಯನ್ನು ತಾನೇ ಹುಡುಕುತ್ತೇನೆಂದು ಹೇಳಿ ಮೊದಲು ಸ್ವಲ್ಪ ಮಾರಿಸಿದ. ಯಾರದೋ ಗುರುತಿಲ್ಲದ ಹೆಸರಿನಿಂದ ಅಕ್ಕುತಾಯಿಯ ಖಾತೆಗೆ ದುಡ್ಡು ಬಂತು. ಖುಷಿಗೆ ಪೇಢೆ ಹಂಚಿ ತಿಂದೆವು. ಕೆಲವೇ ದಿನಗಳಲ್ಲಿ ಬ್ಯಾಂಕಿನವರು ಆ ಖಾತೆಯನ್ನು ತಡೆಹಿಡಿದರು. ಅವಳ ವಿಧವಾ ವೇತನವೂ ಅದರಲ್ಲೇ ಸಿಕ್ಕಿಬಿತ್ತು.

ಎಲ್ಲರೂ ಬ್ಯಾಂಕಿಗೆ ಓಡಿದೆವು. ಏಕಸಂಬಿಯಿಂದ ಬರುವ ಗುಮಾಸ್ತ ಸಂಭಾಜಿ ನಮ್ಮನ್ನು ಪಕ್ಕಕ್ಕೆ ಕರೆದ.

"ಮಾವಶಿ, ನಿಮಗ ರೊಕ್ಕಾ ಹಾಕಿದಾಂವ ಯಾರಿಗೋ ಮೋಸಾ ಮಾಡಿದ ಕಳ್ಳ ಅದಾನ. ಮೋಸಾ ಹೋದಾವ್ರ ಊರಿನ ಪೊಲೀಸರು ಖಾತೆ ತಡೀರಿ ಅಂತ ಬರದಾರ."

"ಹಂಗಾರ ನಾ ಕಳ್ಳಿ ಆದ್ನೇನೋ ಯಪ್ಪಾ?" ಅಕ್ಕುತಾಯಿಯ ದನಿ ಒಡೆಯಿತು. ಜೀವಮಾನವಿಡೀ ಇನ್ನೊಬ್ಬರ ದುಡ್ಡು ಕಾದವಳು!

"ಇಲ್ರಿ. ಆದ್ರ ರೊಕ್ಕಾ ಯಾರಿಂದ ಬಂತು ಅನ್ನೂದು ಮುಖ್ಯ. ಗುರುತಿದ್ದ ಮನಷ್ಯಾ, ಅವನ ಸ್ವಂತ ಹೆಸರಿನ ಖಾತೆಯಿಂದ ಹಾಕಬೇಕು. ಇಲ್ಲಾ ಅಂದ್ರ ಉಳದದ್ದನ್ನ ಮಾರಾಕ ಹೋಗಬ್ಯಾಡ್ರಿ."

ಹೊರಗೆ ಬಂದು ರಸ್ತೆಯ ಬದಿ ಕೂತೆವು.

"ಗುರುತಿದ್ದ ಮನಷ್ಯಾ ಯಾರದಾರೇ ನಮಗ?" ಲಗಮವ್ವ ಕೇಳಿದಳು.

"ಕಾಯಿನ್ ಕೊಟ್ಟಾಂವs ಅದಾನಲ್ಲ," ಅಂದೆ ನಾನು.

ಮರುದಿನ ವಖಾರಿಯ ಗೇಟಿನಲ್ಲಿ ನಿಂತೆವು. ಒಳಗೆ ಮಾಲು ತುಂಬಿದ ಲಾರಿ ಹೊರಡಲು ತಯಾರಾಗಿತ್ತು. ಸಾವಕಾರರು ಧೋತರದ ಚುಂಗು ಹಿಡಿದು ಬಂದರು.

"ಏನಬೇ ನಿಮ್ಮ ತಮಾಶಾ?"

"ಉಳದ ಕಾಯಿನ್ ವಾಪಸ್ ತಗೋರಿ," ಅಂದಳು ಅಕ್ಕುತಾಯಿ. "ಬೋನಸ್ ನಿಮ್ಮ ಖಾತೇದಿಂದ ನಮ್ಮ ನಮ್ಮ ಖಾತೆಗೆ ಹಾಕ್ರಿ. ಆ ಗಿರಾಕಿನ್ನ ತಂದಾಂವ ನಿಮ್ಮ ಮಗಾ ಅಂತ ಪೊಲೀಸರಿಗೂ ಹೇಳ್ರಿ."

ಸಾವಕಾರರು ಮಗನ ಕಡೆ ನೋಡಿದರು. ಮಗ ನೆಲ ನೋಡಿದ. ಆಮೇಲೆ ಸಾವಕಾರರ ದನಿ ಬೆಣ್ಣೆಯಾಯಿತು.

"ಖಾತೆ ಗೀತೆ ಯಾಕವ್ವಾ? ನಗದs ತಗೋರಿ. ಇನ್ನs ಜಾಸ್ತಿ ಕೊಡ್ತೀನಿ."

ಕಿಸೆಯಿಂದ ನೋಟಿನ ಕಟ್ಟು ತೆಗೆದರು. ಕೈಗೆ ಜಾಸ್ತಿ ಕೊಡುವವರಿಗೆ ಖಾತೆಗೆ ಹಾಕಲು ಏನು ಧಾಡಿ? ಅಕ್ಕುತಾಯಿ ಅದನ್ನು ಎಲ್ಲರೆದುರು ಬಿಡಿಸಿ ಹೇಳಿದಳು.

"ಖಾತೆಗೆ ಹಾಕಿದ್ರ ನಮ್ಮ ಮಾಲಕ ಯಾರು ಅಂತ ಬ್ಯಾಂಕಿಗೆ ತಿಳೀತೈತಿ. ನಾಳೆ ನಾವು ಪಿಎಫ್ ಕೇಳ್ತೇವಿ, ಇಷ್ಟು ವರ್ಷದ್ದು ಕೇಳ್ತೇವಿ. ಅದಕ್ಕs ಕಾಯಿನ್ ಕೊಟ್ರಿ. ಅದರಾಗ ನಿಮ್ಮ ಹೆಸರಿಲ್ಲ!"

"ಹೌದಬೇ! ಖರೆ ಹೌದು!" ಹಿಂದಿನಿಂದ ಹೆಂಗಸರು ಕೂಗಿದರು.

ಸಾವಕಾರರು ನೋಟಿನ ಕಟ್ಟನ್ನು ಲಗಮವ್ವನ ಕೈಗೆ ತುರುಕಿದರು. ಅವಳ ಕೆಮ್ಮಿನ ಔಷಧ ಮುಗಿದು ವಾರವಾಗಿತ್ತು, ಅದು ಅವರಿಗೂ ಗೊತ್ತಿತ್ತು. ಆದರೂ ಅವಳು ಕಟ್ಟನ್ನು ಹಾಗೇ ತಿರುಗಿಸಿ ಅವರ ಎದೆಗೆ ಒತ್ತಿದಳು.

"ಬ್ಯಾಂಕಿಗೆ ಹಾಕೋ ಸಾವಕಾರ. ನಿನ್ನ ಹೆಸರ ಹಚ್ಚಿ ಹಾಕು."

ಸಾವಕಾರರ ಮುಖ ಕೆಂಪಾಯಿತು. "ನನ್ನ ಹೆಸರ ಬರಂಗಿಲ್ಲ! ಏನ ಮಾಡ್ಕೋತೀರಿ ಮಾಡ್ಕೋರಿ!"

"ಹಂಗಾದ್ರ ನಿಮ್ಮ ತಂಬಾಕೂ ಹೊರಗ ಬರಂಗಿಲ್ರಿ," ಎಂದು ಅಕ್ಕುತಾಯಿ ಲಾರಿಯ ಮುಂದೆ ನೆಲದ ಮೇಲೆ ಕೂತಳು. ಅವಳ ಮಗ್ಗುಲಿಗೆ ಲಗಮವ್ವ ಕೂತಳು, ನಾನು ಕೂತೆ, ಎಲ್ಲರೂ ಕೂತೆವು.

ಡ್ರೈವರ್ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ. ಅವನು ನಮ್ಮನ್ನೊಮ್ಮೆ, ಸಾವಕಾರರನ್ನೊಮ್ಮೆ ನೋಡಿ ಎಂಜಿನ್ ಬಂದ್ ಮಾಡಿದ.