ಅಪ್ಪ ಕಳಿಸಿದ ಲಂಗ

ಮೊಮ್ಮಗಳನ್ನು ತಾನೇ ಸಾಕುತ್ತಿದ್ದೇನೆ ಅನ್ನುವುದಕ್ಕೆ ಮುನಿರತ್ನಮ್ಮನ ಹತ್ತಿರ ಒಂದು ಕಾಗದವೂ ಇರಲಿಲ್ಲ.

ಮೊಮ್ಮಗಳು ಮಾತ್ರ ಇದ್ದಳು. ಹೆಸರು ರಕ್ಷಿತಾ, ವಯಸ್ಸು ಹತ್ತು. ಚಾಮರಾಜಪೇಟೆಯ ಆ ವಠಾರದಲ್ಲಿ ಐದು ಮನೆ, ಒಂದು ನಲ್ಲಿ. ಮೂರನೇ ಮನೆ ಇವರದು. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದು, ಮಗುವನ್ನು ಶಾಲೆಗೆ ಕಳಿಸಿ, ಮೂಲೆಯ ಹಿಟ್ಟಿನ ಗಿರಣಿಯ ಮುಂದೆ ಗೋಣಿ ಹಾಸಿಕೊಂಡು ಕೂರುವುದು ಮುನಿರತ್ನಮ್ಮನ ಬದುಕು. ನಾಲ್ಕು ವರ್ಷದ ಹಿಂದೆ ಮಗಳು ರಮ್ಯಶ್ರೀ ಕಾಮಾಲೆಯಲ್ಲಿ ತೀರಿಕೊಂಡಳು. ಹನ್ನೊಂದನೇ ದಿನ ತಿಥಿಯೂಟ ಉಂಡು ಕೈ ತೊಳೆದ ಅಳಿಯ ವೇಣು, ಮಗು ಒಂದು ವಾರ ಇಲ್ಲೇ ಇರಲಿ ಅತ್ತೆ ಎಂದು ಹೇಳಿ ಹೊಸಕೋಟೆ ಬಸ್ಸು ಹತ್ತಿದ. ಆ ಒಂದು ವಾರ ಇನ್ನೂ ಮುಗಿದಿರಲಿಲ್ಲ. ಅವನ ಫೋನ್ ನಂಬರು ಬದಲಾಯಿತು. ಬೇರೆ ಮದುವೆ ಮಾಡಿಕೊಂಡಿದ್ದಾನೆ ಎಂದು ಹೊಸಕೋಟೆಯಿಂದ ಮಾರ್ಕೆಟ್ಟಿಗೆ ಬರುವ ಟೊಮೆಟೊ ಲಾರಿಯವರು ಹೇಳಿದರು. ಅವಳು ಕೇಳಿಸಿಕೊಂಡು ಸುಮ್ಮನಾದಳು.

ಸುಮ್ಮನಾದದ್ದಷ್ಟೇ ಅಲ್ಲ, ಒಂದು ಸುಳ್ಳನ್ನೂ ಹೇಳಿದಳು. ಹಬ್ಬದ ಬೆಳಿಗ್ಗೆ ಯಾರ ಮಗುವಿನ ಮೈ ಮೇಲೆ ಎಲ್ಲಿಂದ ಬಂದ ಬಟ್ಟೆ ಎಂದು ನಲ್ಲಿ ಹತ್ತಿರ ವಿಚಾರಣೆ ನಡೆಯುವ ವಠಾರ ಅದು. ಅಪ್ಪ ಬದುಕಿರುವ ಮಗುವಿಗೆ ಸೊಪ್ಪು ಮಾರುವ ಅಜ್ಜಿ ಬಟ್ಟೆ ಕೊಡಿಸಿದಳು ಅಂದರೆ, ಸತ್ತ ಮಗಳನ್ನು ಗಂಡ ಯಾವ ಲೆಕ್ಕದಲ್ಲಿ ಇಟ್ಟಿದ್ದ ಅನ್ನುವುದು ಎಲ್ಲರಿಗೂ ತಿಳಿದುಹೋಗುತ್ತದೆ. ಅದಕ್ಕೇ ಮುನಿರತ್ನಮ್ಮ ಯುಗಾದಿಗೊಂದು, ಗೌರಿ ಹಬ್ಬಕ್ಕೊಂದು ಜೊತೆ ಬಟ್ಟೆಯನ್ನು ಚಿಕ್ಕಪೇಟೆಯಲ್ಲಿ ತಂದು, ಕವರು ಸಮೇತ ನಲ್ಲಿ ಕಟ್ಟೆಯ ಮೇಲಿಟ್ಟು, ಅವರಪ್ಪ ಕಳಿಸವ್ನೆ ನೋಡಿ ಅನ್ನುತ್ತಿದ್ದಳು. ಬಣ್ಣ ಚೆನ್ನಾಗಿದೆ ಅಂತ ನಾಲ್ಕು ಜನ ಹೇಳಿದರೆ ಅವಳಿಗೆ ಸಮಾಧಾನ. ಮಗುವಿಗೂ ಅದನ್ನೇ ಹೇಳಿದ್ದಳು.

ನಿಜ ಗೊತ್ತಿದ್ದದ್ದು ಪಕ್ಕದ ಮನೆಯ ತಿಮ್ಮಕ್ಕನಿಗೆ ಮಾತ್ರ. ಅಂಗಡಿಗೆ ಜೊತೆಗೆ ಹೋಗಿ ಚೌಕಾಸಿ ಮಾಡುತ್ತಿದ್ದವಳು ಅವಳೇ. ಮೊದಲನೇ ಸಲ ಬಟ್ಟೆ ತಂದ ದಿನ ಮುನಿರತ್ನಮ್ಮ ತಿಮ್ಮಕ್ಕನ ಕೈಯನ್ನು ನಿದ್ದೆ ಮಾಡುತ್ತಿದ್ದ ಮಗುವಿನ ತಲೆ ಮೇಲೆ ಇಡಿಸಿ, ಯಾರಿಗೂ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸಿಕೊಂಡಿದ್ದಳು.

ಕಾಗದ ಬೇಕಾಗಿ ಬಂದದ್ದು ಶಾಲೆಗೆ. ಐದನೇ ಕ್ಲಾಸು ಮುಗಿಯಿತು, ಆರಕ್ಕೆ ಬೇರೆ ಶಾಲೆ. ಅಲ್ಲಿ ಅಪ್ಪನೋ ಅಮ್ಮನೋ ಬರಲಿ, ಇಲ್ಲವಾದರೆ ಪೋಷಕರ ಪತ್ರ ತನ್ನಿ ಅಂದರು. ಮುನಿರತ್ನಮ್ಮ ಎರಡು ಬಸ್ಸು ಬದಲಾಯಿಸಿ ದೊಡ್ಡ ಆಫೀಸಿಗೆ ಮೂರು ಸಲ ಹೋದಳು. ಮೂರನೇ ಸಲ ಗುಮಾಸ್ತ, ಮಗುವಿನ ಅಪ್ಪನ ಒಪ್ಪಿಗೆ ಸಹಿ ಹಾಕಿಸಿಕೊಂಡು ಬನ್ನಿ ಅಂದ.

"ಅಪ್ಪ ಬಿಟ್ಟೋಗವ್ನೆ ಅನ್ನಕ್ಕೂ ಆ ಅಪ್ಪನ ಸಹಿನೇ ಬೇಕಾ ಸ್ವಾಮಿ?" ಎಂದು ಅವಳು ಕೇಳಿದಳು. ಗುಮಾಸ್ತ ಮುಂದಿನವರನ್ನು ಕರೆದ.

ಅಷ್ಟರಲ್ಲಿ ವಾರ್ಡಿಗೆ ಹೊಸ ಪದ್ಧತಿ ಬಂತು. ಕಸದ ಆಟೋದ ಮೈಕಿನಲ್ಲಿ ಹಸಿ ಕಸ ಒಣ ಕಸದ ಹಾಡಿನ ನಡುವೆ ಅದನ್ನೂ ಕೂಗಿಕೊಂಡು ಹೋದರು. ಪಡಿತರ, ಪಿಂಚಣಿ, ಮಕ್ಕಳ ಪೋಷಣೆ, ತೂಕದಲ್ಲಿ ಮೋಸ, ಏನೇ ಇದ್ದರೂ ಜನ ಆಫೀಸಿಗೆ ಬರುವುದು ಬೇಡ, ಆಫೀಸೇ ಬೀದಿಗೆ ಬರುತ್ತದೆ. ಬಂದವಳು ಶಶಿ ಅನ್ನುವ ಅಧಿಕಾರಿ. ಮೂವತ್ತು ದಾಟಿರದ ಹುಡುಗಿ. ಮುನಿರತ್ನಮ್ಮನ ಹೊಸ್ತಿಲ ಮೇಲೇ ಕೂತು, ಕೊಟ್ಟ ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟಳು. ವಠಾರಕ್ಕೆಲ್ಲ ಅದೊಂದು ಸುದ್ದಿಯಾಯಿತು.

"ಕಾಗದ ಬೇಡಮ್ಮ. ನಿಮ್ಮನ್ನ ದಿನಾ ನೋಡೋ ಅಕ್ಕಪಕ್ಕದೋರು ಹೇಳಿದ್ರೆ ಸಾಕು" ಎಂದಳು ಶಶಿ.

ಅವಳು ವಿವರಿಸಿದ್ದು ಇಷ್ಟು. ಅಪ್ಪ ಎರಡು ವರ್ಷಕ್ಕೂ ಮೇಲ್ಪಟ್ಟು ಮಗುವನ್ನು ನೋಡಲು ಬಂದಿಲ್ಲ, ಏನೂ ಕೊಟ್ಟೂ ಇಲ್ಲ ಎಂದು ನೆರೆಹೊರೆಯವರು ಹೇಳಿದರೆ ಪೋಷಕರ ಪತ್ರ ಅಜ್ಜಿಯ ಹೆಸರಿಗೆ ಬರುತ್ತದೆ. ನಿಯಮದ ಪ್ರಕಾರ ಅಪ್ಪನಿಗೂ ಒಂದು ನೋಟೀಸು ಹೋಗುತ್ತದೆ. ಆ ರಾತ್ರಿ ಮುನಿರತ್ನಮ್ಮ ಹೊಟ್ಟೆ ತುಂಬ ಉಂಡಳು. ಅವಳಿಗಿಲ್ಲದ್ದು ಕಾಗದ. ಜನಕ್ಕೇನು ಬರ? ಜ್ವರ ಬಂದಾಗ ಮಗುವನ್ನು ಬೆನ್ನಿಗೆ ಹಾಕಿಕೊಂಡು ಓಡಿದ್ದನ್ನು ಉಳಿದ ನಾಲ್ಕು ಮನೆಯವರೂ ನೋಡಿದ್ದರು. ಬಟ್ಟೆಯ ವಿಷಯ ಅವಳಿಗೆ ನೆನಪಾಗಲೇ ಇಲ್ಲ. ಅದು ನಲ್ಲಿ ಕಟ್ಟೆಗೆ ಹೇಳಿದ ಮಾತು, ಸರ್ಕಾರಕ್ಕೆ ಹೇಳಿದ್ದಲ್ಲ.

ನಾಲ್ಕು ವರ್ಷ ಯಾರಿಗೂ ಸಿಗದ ವೇಣು ನೋಟೀಸಿಗೆ ಒಂಬತ್ತು ದಿನದಲ್ಲಿ ಸಿಕ್ಕಿದ. ಹೊಸ ರೇಷನ್ ಕಾರ್ಡಿನಲ್ಲಿ ವಿಳಾಸ ಇತ್ತು. ಹತ್ತನೇ ದಿನ ಅವನೇ ಬಂದ. ಒಳಗೆ ಕೂರಲಿಲ್ಲ, ನಲ್ಲಿ ಹತ್ತಿರ ನಿಂತೇ ಮಾತಾಡಿದ. ಹೊಸ ಹೆಂಡತಿಗೆ ಅವಳಿ ಮಕ್ಕಳಾಗಿದ್ದವು, ಅವಳ ತವರಿನವರು ಯಾರೂ ಬಂದು ನಿಲ್ಲುತ್ತಿರಲಿಲ್ಲ.

"ರಕ್ಷಿತಾನ ಕರ್ಕೊಂಡು ಹೋಗ್ತೀನಿ ಅತ್ತೆ. ಕೆಲಸ ಗಿಲಸ ಅಂತೇನಿಲ್ಲ. ಸುಮ್ನೆ ತೊಟ್ಟಿಲು ತೂಗ್ಕೊಂಡಿರ್ಲಿ."

"ಸ್ಕೂಲು?"

"ನೋಡಣ. ಹುಡುಗೀರು ಓದಿ ಯಾರನ್ನ ಉದ್ಧಾರ ಮಾಡ್ಬೇಕು. ನಿಮ್ಮ ಮಗಳೂ ಓದಿದ್ಲಲ್ಲ."

ಮುನಿರತ್ನಮ್ಮ ಬಿಂದಿಗೆ ಕೆಳಗಿಟ್ಟಳು. ಹೊಡೆಯಬೇಕು ಅನ್ನಿಸಿತು. ಹೊಡೆದರೆ ಶಶಿ ಅದನ್ನೂ ಬರೆದುಕೊಳ್ಳಬೇಕಾಗುತ್ತದೆ ಎಂದು ಕೈ ಕಟ್ಟಿ ನಿಂತಳು. ರಕ್ಷಿತಾ ಒಳಗಿಂದ ಓಡಿ ಬಂದಳು. ಗೌರಿ ಹಬ್ಬದ ಹಸಿರು ಲಂಗವನ್ನು ಹಾಕಿಕೊಂಡು ಬಂದಿದ್ದಳು. "ಅಪ್ಪ, ನೀನು ಕಳ್ಸಿದ್ದು" ಎಂದು ಒಂದು ಸುತ್ತು ತಿರುಗಿ ತೋರಿಸಿದಳು. ವೇಣು ಲಂಗ ನೋಡಿದ, ಅತ್ತೆಯ ಮುಖ ನೋಡಿದ. ಅವನೇನು ದಡ್ಡನಲ್ಲ. "ಚೆನ್ನಾಗಿದೆಯಾ ಪುಟ್ಟಿ?" ಎಂದು ಕೇಳಿದ.

ಅಷ್ಟಾದ ಮೇಲಾದರೂ ಮುನಿರತ್ನಮ್ಮ ತಿಮ್ಮಕ್ಕನ ಮನೆ ಬಾಗಿಲು ತಟ್ಟಿ, ಕೇಳಿದರೆ ನಿಜ ಹೇಳಿಬಿಡು ಅನ್ನಬಹುದಿತ್ತು. ಅಳಿಯ ಮಗುವನ್ನು ಎತ್ತಿಕೊಂಡು ಓಡಿಬಿಟ್ಟಾನು ಅನ್ನುವ ಒಂದೇ ಹೆದರಿಕೆಯಲ್ಲಿ ಎರಡು ದಿನ ಮಗುವನ್ನು ಸೊಪ್ಪಿನ ಗೋಣಿಯ ಪಕ್ಕದಲ್ಲೇ ಕೂರಿಸಿಕೊಂಡಳು. ಮೂರನೇ ದಿನ ನೆರೆಹೊರೆಯವರ ಹೇಳಿಕೆಗೆಂದು ಶಶಿ ಕರೆದ ಸಭೆ.

ಸಭೆ ನಡೆದದ್ದು ರಾಮಸ್ವಾಮಿಯವರ ನಡುಮನೆಯಲ್ಲಿ. ಅವೆನ್ಯೂ ರಸ್ತೆಯ ಪ್ರೆಸ್ಸೊಂದರಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು, ವಠಾರಕ್ಕೆ ಹಿರಿಯರು. ಅರ್ಜಿ ಹಾಕಿದವರೂ ಮಗುವಿನ ಅಪ್ಪನೂ ಹೊರಗಿರಬೇಕು ಎಂದು ಶಶಿ ಹೇಳಿದಳು. ಎದುರಿಗಿದ್ದರೆ ಜನ ಮುಖದಾಕ್ಷಿಣ್ಯಕ್ಕೆ ಬೀಳುತ್ತಾರೆ, ನಿಜ ಹೇಳುವುದಿಲ್ಲ. ಅದು ಅವಳೇ ಯೋಚಿಸಿ ಮಾಡಿದ ಏರ್ಪಾಡು. ವೇಣು ಸ್ಕೂಟರಿಗೆ ಒರಗಿಕೊಂಡು ಮೊಬೈಲು ನೋಡುತ್ತಿದ್ದ. ಮುನಿರತ್ನಮ್ಮ ನಲ್ಲಿ ಕಟ್ಟೆಯ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಒಳಗಿಂದ ಒಂದೆರಡು ಸಲ ನಗು ಕೇಳಿಸಿತು. ನಗುತ್ತಿದ್ದಾರೆ ಅಂದರೆ ಒಳ್ಳೆಯದೇ ಹೇಳುತ್ತಿದ್ದಾರೆ ಅಂದುಕೊಂಡಳು.

ಮುಕ್ಕಾಲು ಗಂಟೆಯ ಮೇಲೆ ರಾಮಸ್ವಾಮಿ ಮೊದಲು ಹೊರಗೆ ಬಂದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿ ಬಂದ ಕಳೆ.

"ಹೆದರ್ಕೋಬೇಡಿ ರತ್ನಮ್ಮ. ನಿಮ್ಮನೆ ಮಾನ ಹೋಗೋ ಅಂಥ ಒಂದು ಮಾತೂ ನಾವ್ಯಾರೂ ಆಡ್ಲಿಲ್ಲ" ಎಂದರು.

ಅವಳ ಕೈಯಲ್ಲಿದ್ದ ದಂಟು ಅಲ್ಲೇ ನಿಂತಿತು.

ಶಶಿ ಒಳಗೆ ಕರೆದು ಬರೆದುಕೊಂಡದ್ದನ್ನು ಓದಿದಳು. ನಾಲ್ಕು ಮನೆಯ ಏಳು ಜನ. ಅಜ್ಜಿ ಮಗುವನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾಳೆ ಎಂದು ಏಳು ಜನರೂ ಹೇಳಿದ್ದರು. ಅಪ್ಪ ಕೆಲಸದ ಮೇಲೆ ದೂರ ಇದ್ದರೂ ವರ್ಷಕ್ಕೆರಡು ಸಲ ತಪ್ಪದೆ ಮಗಳಿಗೆ ಬಟ್ಟೆ ಕಳಿಸುತ್ತಾನೆ ಎಂದೂ ಏಳು ಜನರೂ ಹೇಳಿದ್ದರು. ಮಗುವನ್ನು ಕೇಳಿದಾಗ ಎಂಟು ಬಟ್ಟೆಗಳ ಬಣ್ಣವನ್ನೂ ಕ್ರಮವಾಗಿ ಹೇಳಿತ್ತು. ಒಳಗೆ ನಕ್ಕದ್ದು ಅದಕ್ಕೇ. ಬಿಟ್ಟುಹೋದ ಅಪ್ಪ ಅನ್ನುವುದಕ್ಕೆ ಆಧಾರವಿಲ್ಲ, ಮಗು ಅಪ್ಪನಿಗೆ ಸೇರಬೇಕು ಎಂದು ತಾನು ತೀರ್ಮಾನ ಮಾಡುವ ಮಕ್ಕಳ ಸಮಿತಿಗೆ ಬರೆಯಬೇಕಾಗುತ್ತದೆ ಎಂದಳು ಶಶಿ. ಹೇಳುವಾಗ ಅವಳಿಗೂ ಇಷ್ಟವಿರಲಿಲ್ಲ, ಅದು ಕಾಣುತ್ತಿತ್ತು. ಕಂಡರೆ ಏನು ಬಂತು.

ಮುನಿರತ್ನಮ್ಮ ಎಲ್ಲವನ್ನೂ ಹೇಳಿದಳು. ಸುಳ್ಳು ಹೇಳಿದ್ದು ತಾನು, ಬಟ್ಟೆ ತಂದದ್ದು ತಾನು, ಆ ಗಂಡಸು ಒಂದು ಕರ್ಚೀಫು ಕೂಡ ಕಳಿಸಿಲ್ಲ. ನಾಲ್ಕು ವರ್ಷ ಕಾಪಾಡಿಕೊಂಡ ಮಾನವನ್ನು ಏಳು ಜನರ ಮುಂದೆ ತಾನೇ ಕಿತ್ತು ಎಸೆದಳು. ಯಾರೂ ನಂಬಲಿಲ್ಲ. ರಸೀತಿ ಇದೆಯಾ ಎಂದು ಶಶಿ ಕೇಳಿದಳು. ಚೌಕಾಸಿ ಮಾಡಿ ತಂದ ಬಟ್ಟೆಗೆ ರಸೀತಿ ಎಲ್ಲಿಂದ ಬರಬೇಕು. ಅಂಗಡಿಯವನಿಗೆ ದಿನಕ್ಕೆ ನೂರು ಮುಖ. ರಾಮಸ್ವಾಮಿ ಗಂಟಲು ಸರಿಮಾಡಿಕೊಂಡರು.

"ಮಗು ಮೇಲಿನ ಆಸೆ ನಮಗೆ ಅರ್ಥ ಆಗತ್ತಮ್ಮ. ಅದಕ್ಕೆ ಅಂತ ಒಬ್ಬ ಗಂಡಸಿನ ಮೇಲೆ ಸುಳ್ಳು ಹೊರಿಸಬಾರದು. ನಾಲ್ಕು ವರ್ಷ ನೀವೇ ಹೇಳಿದ ಮಾತು."

"ಏನೋ ಅತ್ತೆ, ಬೇಜಾರಲ್ಲಿ ಹೇಳ್ತಾವ್ರೆ. ನಾನೇನೂ ಅಂದ್ಕೊಳಲ್ಲ" ಎಂದ ಬಾಗಿಲಲ್ಲಿ ನಿಂತಿದ್ದ ವೇಣು.

ಆಗ ಅವಳು ತಿಮ್ಮಕ್ಕನ ಕಡೆ ತಿರುಗಿದಳು. ತಿಮ್ಮಕ್ಕ ಗೋಡೆಗೆ ಒರಗಿ, ಸೆರಗನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಏಳು ಹೇಳಿಕೆಗಳಲ್ಲಿ ಅವಳದೂ ಒಂದು.

"ನೀನು ನನ್ ಜೊತೆ ಬಂದಿದ್ಯಲ್ಲ ತಿಮ್ಮಕ್ಕ. ಹೇಳು."

ತಿಮ್ಮಕ್ಕ ಸೆರಗನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿದಳು.

"ಆಣೆ ಬಿಟ್ಟಿದೀನಿ ಕಣೆ. ಹಾಕ್ಸಿದೋಳು ನಾನು, ನಾನೇ ಬಿಟ್ಟಿದೀನಿ. ಹೇಳೇ."

"ನೀನು ಬಿಟ್ರೆ ಆಯ್ತಾ ರತ್ನಿ?" ಎಂದಳು ತಿಮ್ಮಕ್ಕ. "ಕೈ ಇಟ್ಟಿದ್ದು ಮಗು ತಲೆ ಮೇಲೆ."

ಹಿಂದೆ ತಿಮ್ಮಕ್ಕನ ಗಂಡ ಇನ್ನು ಕುಡಿಯಲ್ಲ ಎಂದು ತಮ್ಮ ಎಂಟು ತಿಂಗಳ ಗಂಡುಮಗುವಿನ ತಲೆ ಮುಟ್ಟಿ ಆಣೆ ಮಾಡಿದ್ದ. ಕುಡಿದ. ಆ ತಿಂಗಳೇ ಮಗು ವಾಂತಿ ಭೇದಿಯಲ್ಲಿ ಹೋಯಿತು. ಅದನ್ನು ವಠಾರ ಮರೆತಿತ್ತು, ಮುನಿರತ್ನಮ್ಮನೂ ಮರೆತಿದ್ದಳು. ತಿಮ್ಮಕ್ಕ ಮರೆತಿರಲಿಲ್ಲ.

ಏನು ಆಣೆ, ಯಾರ ತಲೆ ಎಂದು ಶಶಿ ಮೂರು ಸಲ ಕೇಳಿದಳು. ನೀವು ಕೊಟ್ಟ ಹೇಳಿಕೆ ನಿಜವೋ ಅಲ್ಲವೋ ಅಷ್ಟು ಹೇಳಿ ಅಮ್ಮ ಅಂದಳು. ರಕ್ಷಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಿಮ್ಮಕ್ಕ ಆ ತಲೆಯನ್ನು ನೋಡಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ ತಲೆ. ಬೆಳಿಗ್ಗೆ ಹೆಣೆದವಳು ಅವಳೇ.

"ಅವರಪ್ಪನೇ ಕಳಿಸ್ತಿದ್ದಿದ್ದು" ಎಂದಳು.

ಮುನಿರತ್ನಮ್ಮ ಶಶಿಯ ಕಾಲು ಹಿಡಿದಳು. ಶಶಿ ಎದ್ದು ನಿಂತು, ಹೀಗೆಲ್ಲ ಮಾಡಬಾರದು ಅಮ್ಮ ಎಂದು ಅವಳನ್ನು ಎಬ್ಬಿಸಿದಳು. ತಾನು ಬೇಕಾದರೆ ಆರು ತಿಂಗಳಾದ ಮೇಲೆ ಹೊಸಕೋಟೆ ಕಡೆಯ ಬೀದಿಯಲ್ಲೂ ಇಂಥದೇ ಸಭೆ ಮಾಡಿಸುತ್ತೇನೆ, ಅಲ್ಲಿಯ ಅಕ್ಕಪಕ್ಕದವರನ್ನು ಕೇಳಿಸುತ್ತೇನೆ ಎಂದಳು. ಅಲ್ಲಿಯ ಅಕ್ಕಪಕ್ಕದವರೂ ಮರ್ಯಾದಸ್ಥರೇ ಇರುತ್ತಾರೆ ಎಂದು ಮುನಿರತ್ನಮ್ಮನಿಗೆ ಗೊತ್ತಿತ್ತು. ದೊಡ್ಡ ಆಫೀಸಿನ ಗುಮಾಸ್ತನಾದರೆ ಬೈಯಬಹುದಿತ್ತು. ಇಲ್ಲಿ ಬೈಯುವುದಕ್ಕೆ ಯಾರಿದ್ದರು? ಎಲ್ಲರೂ ಅವಳ ಮನೆಯ ಕಾಫಿ ಕುಡಿದವರು.

ಸಮಿತಿಯ ಪತ್ರ ಹನ್ನೊಂದು ದಿನಕ್ಕೆ ಬಂತು. ಹಳೆಯ ಆಫೀಸಾಗಿದ್ದರೆ ಒಂದು ವರ್ಷ ಹಿಡಿಯುತ್ತಿತ್ತು. ಆ ಹನ್ನೊಂದು ದಿನದಲ್ಲಿ ಅವಳು ಮಗುವನ್ನು ಕೂರಿಸಿಕೊಂಡು ನಿಜ ಹೇಳಲು ಎರಡು ಸಲ ಹೊರಟಳು. ಎರಡು ಸಲವೂ ರಕ್ಷಿತಾ ಕಿವಿ ಮುಚ್ಚಿಕೊಂಡು, ನಿಂಗೆ ಅಪ್ಪನ ಕಂಡ್ರೆ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ ಅಜ್ಜಿ ಎಂದಳು.

ಭಾನುವಾರ ವೇಣು ಸ್ಕೂಟರು ತಂದ. ರಕ್ಷಿತಾ ತಾನೇ ಚೀಲ ತುಂಬಿದಳು. ಎಂಟೂ ಜೊತೆ ಬಟ್ಟೆಯನ್ನು ಮಡಿಸಿಟ್ಟುಕೊಂಡಳು, ಯಾವತ್ತೋ ಬಿಗಿಯಾಗಿದ್ದ ಮೊದಲನೆಯದನ್ನೂ.

"ಅದು ನಿಂಗೆ ಚಿಕ್ಕದು, ಬಿಟ್ಟೋಗು" ಎಂದಳು ಮುನಿರತ್ನಮ್ಮ.

"ಪಾಪುಗಳು ದೊಡ್ಡೋರಾದಾಗ ಆಗತ್ತಜ್ಜಿ. ಅಪ್ಪ ಕೊಟ್ಟಿದ್ದಲ್ವಾ."

ಹೊಸ ಶಾಲೆಗೆಂದು ತಂದಿದ್ದ ನೋಟು ಪುಸ್ತಕಗಳಿಗೆ ಜಾಗ ಸಾಲಲಿಲ್ಲ, ಅವು ಗೂಡಿನಲ್ಲೇ ಉಳಿದವು. ವಠಾರದವರು ಬಾಗಿಲಿಗೆ ಬಂದು ಕೈ ಬೀಸಿದರು. ರಾಮಸ್ವಾಮಿ ಮಗುವಿನ ಕೈಗೆ ಒಂದು ಪೆನ್ನು ಕೊಟ್ಟರು. ತಿಮ್ಮಕ್ಕ ಮಾತ್ರ ಹೊರಗೆ ಬರಲಿಲ್ಲ, ಅವಳ ಬಾಗಿಲ ಚಿಲಕ ಹಾಕಿತ್ತು. ಆಮೇಲೆ ಮುನಿರತ್ನಮ್ಮ ಅದನ್ನು ತಟ್ಟಲೂ ಇಲ್ಲ.

ಸೋಮವಾರ ಅವಳು ಎಂದಿನಂತೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದಳು. ಗಿರಣಿಯವನು, ಮಗು ಹೋಯ್ತಂತೆ, ಮನೇಲಿ ಏನೇನು ಕಮ್ಮಿ ಆಯ್ತಮ್ಮ ಎಂದು ಹೊತ್ತು ಹೋಗದೆ ಕೇಳಿದ. ಅವಳು ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತಾ ಹೇಳಿದಳು: ಎಂಟು ಜೊತೆ ಬಟ್ಟೆ, ಒಬ್ಬಳು ತಿಮ್ಮಕ್ಕ, ಒಂದು ಮಗು.