ಯಾರ ದನಿ

“ನನಗೆ ಮೊದ್ಲಿಂದ್ಲೂ ಅನುಮಾನ ಇತ್ತು ಮೇಡಂ,” ಎಂದರು ಡಾಕ್ಟರು, ಕಂಪ್ಯೂಟರಿನ ಪರದೆಗೆ ಮುಖ ಕೊಟ್ಟು.

ಪಕ್ಕದಲ್ಲಿ ಮಗಳು ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ತಾಯಿಗೆ ಮೈಯೆಲ್ಲ ಉರಿದುಹೋಯಿತು. ಅನುಮಾನವಂತೆ! ಕರೆದರೆ ತಿರುಗಿ ನೋಡುವುದಿಲ್ಲ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ ಎಂದು ಇದೇ ಕುರ್ಚಿಯಲ್ಲಿ ಕೂತು ಅವಳು ಎಷ್ಟು ಸಲ ಗೋಗರೆದಿದ್ದಳೋ. ಆಗೆಲ್ಲ ಈ ಮಹಾಶಯರು ಟಾರ್ಚು ಬಿಟ್ಟು ಗಂಟಲು ನೋಡಿ ಸಾಗಹಾಕಿದ್ದರು. ಈಗ ಫ್ಯಾಮಿಲಿ ಡಾಕ್ಟರುಗಳು ವಿಡಿಯೋದಲ್ಲಿ ಆಟಿಸಂ ತಜ್ಞೆಯ ಸಲಹೆ ಕೇಳುವ ವ್ಯವಸ್ಥೆ ಬಂದದ್ದೇ ತಡ, ಅನುಮಾನ ಹುಟ್ಟಿಬಿಟ್ಟಿತು.

“ಬೇಗ ಗುರುತಿಸಿದ್ದು ಒಳ್ಳೇದಾಯ್ತು ಡಾಕ್ಟ್ರೇ,” ಎಂದರು ಪರದೆಯ ಮೇಲಿನ ತಜ್ಞೆ. “ಮಗು ಮಾತಾಡುತ್ತಾ?”

“ಸ್ವಂತ ಮಾತಿಲ್ಲ. ಕೇಳಿದ್ದನ್ನೇ ಹೇಳ್ತಾಳೆ, ಅಷ್ಟೇ.”

ಗುಬ್ಬಿ ಕೇಳಿದ್ದನ್ನು ಹೇಗೆ ಹೇಳುತ್ತಾಳೆಂಬುದು ತಾಯಿಗೆ ಗೊತ್ತು. ದನಿ, ರಾಗ, ಕೆಮ್ಮು, ಒಂದೂ ಬಿಡುವುದಿಲ್ಲ. ಯಾವ ಸದ್ದಿನ ಜೊತೆ ಕೇಳಿದ್ದಳೋ ಆ ಸದ್ದು ಬಂದರೆ ಸಾಕು, ಮಾತು ಹೊರಗೆ. ಒಮ್ಮೆ ಕರೆಂಟು ಹೋದಾಗ ಟಾರ್ಚು ಒತ್ತಿದ್ದಕ್ಕೆ ಗುಬ್ಬಿಯ ಬಾಯಲ್ಲಿ ಡಾಕ್ಟರ ದನಿ ಹೊರಟು, ಅವರೇ ಮನೆಗೆ ಬಂದಂತಾಗಿ, ಮೊದಲ ಮಾತಿಗೇ ಮಗಳ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಇವತ್ತು ಹಿಡಿಯುವವಳಲ್ಲ.

“ಡಾಕ್ಟ್ರೇ, ಬೆಳಗಿಂದ ಕೆಮ್ತಿದ್ದಾಳೆ. ಗಂಟಲು ಸ್ವಲ್ಪ ನೋಡಿ,” ಎಂದಳು. ಹಸೀ ಸುಳ್ಳು.

ತಜ್ಞೆಯ ಮುಂದೆ ‘ಆಮೇಲೆ ನೋಡೋಣ’ ಎನ್ನಲಾದೀತೇ? ಡಾಕ್ಟರು ಟಾರ್ಚು ತೆಗೆದು ಒತ್ತಿದರು. ಟಕ್.

“ಏನೂ ಆಗಿಲ್ಲಮ್ಮ,” ಎಂದಳು ಗುಬ್ಬಿ, ದಪ್ಪ ಗಂಡುದನಿಯಲ್ಲಿ, ಡಾಕ್ಟರಂತೆಯೇ ನಡುವೆ ಗಂಟಲು ಸರಿಮಾಡಿಕೊಂಡು. “ಬರೀ ಹಠ. ನೀನೇ ಮುದ್ದು ಮಾಡಿ ಕೆಡಿಸಿದ್ದೀಯ. ಎರಡು ಬಿಗಿ, ಮಾತು ತಾನಾಗೇ ಬರುತ್ತೆ.”

ಡಾಕ್ಟರ ಮುಖ ಹುಳ್ಳಗಾಯಿತು. ತಾಯಿಗೆ ಹಾಲು ಕುಡಿದಷ್ಟು ಸಂತೋಷ. ಇನ್ನೂ ಹೇಳು ಎನ್ನುವಂತೆ ಮಗಳ ಬೆನ್ನು ಸವರಿದಳು.

ಗುಬ್ಬಿ ಹೇಳಿದಳು. ದನಿ ಮಾತ್ರ ತೆಳ್ಳಗಾಯಿತು, ಅದರಲ್ಲಿ ಅಳು ಬೆರೆಯಿತು. “ಅಮ್ಮ ಅನ್ನು. ಅನ್ನು ಅಂದ್ರೆ ಅನ್ನು. ಅಮ್ಮ ಅಂತೀಯೋ ಇಲ್ವೋ?” ಒಂದೊಂದು ಮಾತಿಗೂ ತನ್ನ ತೊಡೆಗೆ ತಾನೇ ಪಟಾರನೆ ಬಾರಿಸಿಕೊಂಡಳು.

ತಾಯಿಯ ಕೈ ಅವಳ ಬೆನ್ನ ಮೇಲೆಯೇ ನಿಂತುಬಿಟ್ಟಿತು.

“ಇದು ಯಾರ ದನಿ?” ತಜ್ಞೆ ಮೆಲ್ಲಗೆ ಕೇಳಿದರು.

ಡಾಕ್ಟರು ತಾಯಿಯತ್ತ ಒಮ್ಮೆ ನೋಡಿದರು. “ಅದೂ ನಾನು ಹೇಳ್ಕೊಟ್ಟಿದ್ದೇ ಮೇಡಂ. ತಪ್ಪು ನಂದು. ಇವರನ್ನೇನೂ ಕೇಳ್ಬೇಡಿ.”

ಉಪಕಾರ! ಈ ಮನುಷ್ಯನ ಉಪಕಾರ ಹೊತ್ತುಕೊಂಡು ಮನೆಗೆ ಹೋಗಬೇಕೇ? ಕತ್ತು ಹಿಸುಕಿಬಿಡುವಷ್ಟು ಸಿಟ್ಟು ಬಂತು ಅವಳಿಗೆ.

“ಅದು ನನ್ನ ದನಿ,” ಎಂದಳು ಪರದೆಗೆ. “ಹೊಡೆದೋಳು ನಾನು. ಹೊಡಿ ಅಂದೋರು ಇವ್ರು. ಇಬ್ರದ್ದೂ ಬರ್ಕೊಳ್ಳಿ.”

ತಜ್ಞೆ ಏನೂ ಬರೆದುಕೊಳ್ಳಲಿಲ್ಲ. ಡಾಕ್ಟರು ಸದ್ದಿಲ್ಲದೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಪರದೆಯ ಮೂಲೆಯಲ್ಲಿ ಈ ಕಡೆಯವರು ಕಾಣುತ್ತಿದ್ದ ಪುಟ್ಟ ಚೌಕದಲ್ಲಿ ಈಗ ತಾಯಿ ಮಗಳು ಇಬ್ಬರೇ ಉಳಿದರು. ಗುಬ್ಬಿ ಕೈ ಚಾಚಿ, ಆ ಚೌಕವನ್ನು ಬೆರಳಿನಿಂದ ಒರೆಸತೊಡಗಿದಳು.